ಮೇಲಿನ ಖಾನೆಯ ಸೊಪ್ಪು

ಇಲ್ಲ, ನೀಲಿ ಇರಲಿಕ್ಕಿಲ್ಲ. ನಮ್ಮ ಮನೆಯ ಫ್ರಿಜ್ಜು ನೀಲಿ ಬಣ್ಣದ್ದೆಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ, ಎರಡು ಕಡೆ ಬರೆದೂ ಇದ್ದೇನೆ. ಆದರೆ ತಮ್ಮ ಬಸು ಬಿಳಿ ಅನ್ನುತ್ತಾನೆ, ಅವ್ವ ಕೆಂಪು ಅನ್ನುತ್ತಾಳೆ, ಮೂವರೂ ಆಣೆ ಮಾಡುವಷ್ಟು ಗಟ್ಟಿಯಾಗಿ ಹೇಳುತ್ತೇವೆ. ಒಂದೇ ಪೆಟ್ಟಿಗೆಯ ಮುಂದೆ ಅಷ್ಟು ವರ್ಷ ಓಡಾಡಿದ ಮೂರು ಜನರಿಗೆ ಅದರ ಬಣ್ಣವೇ ಗೊತ್ತಿಲ್ಲವೆಂದ ಮೇಲೆ ಈ ಅಧ್ಯಾಯವನ್ನು ಇಲ್ಲಿಗೇ ನಿಲ್ಲಿಸುವುದು ಮರ್ಯಾದೆ. ನಿಲ್ಲಿಸುವುದಿಲ್ಲ, ಯಾಕೆಂದರೆ ನನಗೆ ಸಿಟ್ಟು ಬಂದಿದೆ. ಸಿಟ್ಟು ಬಂದವರ ನೆನಪನ್ನು ಅರ್ಧ ಮಾತ್ರ ನಂಬಬೇಕು ಎಂದು ಗೊತ್ತಿದ್ದೂ ಬರೆಯುತ್ತಿದ್ದೇನೆ. ಉಳಿದ ಅರ್ಧವನ್ನು ಓದುವವರು ಅನುಮಾನಿಸಲಿ, ನಾನೂ ಅನುಮಾನಿಸುತ್ತಲೇ ಹೋಗುತ್ತೇನೆ.

ಈಚೆಗೆ ಹಾನಗಲ್ಲಿನಲ್ಲಿ ಬಸುವಿನ ಮಗಳ ಕುಬಸವಿತ್ತು. ಬಸುರಿಗೆ ಸೀರೆ ಉಡಿಸಿ, ಉಡಿ ತುಂಬಿ ಆಗಿತ್ತು. ಊಟದ ಸಾಲು ಕೂತಿತ್ತು. ಬೀಗರ ಕಡೆಯ ಹೆಂಗಸೊಬ್ಬಳು ಸಾರಿನಲ್ಲಿ ತೇಲುತ್ತಿದ್ದ ಹಸಿರನ್ನು ನೋಡಿ, ಫ್ರಿಜ್ಜಿನಲ್ಲಿಟ್ಟ ಕೊತ್ತಂಬರಿ ಬಗ್ಗೆ ಏನೋ ಅಂದಳು. ಅಷ್ಟು ಸಾಕಾಯಿತು. ಬಡಿಸುತ್ತಿದ್ದ ಬಸು ಸೌಟು ಹಿಡಿದುಕೊಂಡೇ ನಿಂತು ಶುರು ಮಾಡಿದ.

"ನಮ್ಮವ್ವ ಸಾದಾ ಹೆಣ್ಮಗಳಲ್ರಿ. ಕೋತಂಬರಿ ಬಿಡ್ರಿ, ಶಿವಪ್ಪಗ ಏರಸೂ ಪತ್ರೀನ ಐಸ್ ಮಾಡಿದಾಕಿ! ಶಿವಪ್ಪ ಕೈಲಾಸದಾಗ ಇರಾಂವ, ಥಂಡಿ ಅಂವಗ ರೂಢಿ ಇರ್ತೇತಿ ಅಂತ ತಿಳದಿದ್ಲು!"

"ನೆಗಡಿ ಬಂದಿದ್ದೀತ್ರಿ ಶಿವಪ್ಪಗ!" ಅಂದ ಸಾಲಿನ ತುದಿಯಲ್ಲಿದ್ದ ಯಾರೋ.

ಎಲ್ಲರೂ ನಕ್ಕರು. ಬಸು ಕೆಟ್ಟವನಲ್ಲ. ಅವನು ಈ ಕಥೆಯನ್ನು ಮೂವತ್ತು ವರ್ಷಗಳಿಂದ ಹೇಳುತ್ತಿದ್ದಾನೆ, ಹೇಳಿ ಹೇಳಿ ಅದರ ಅಂಚುಗಳೆಲ್ಲ ಸವೆದು ನುಣುಪಾಗಿವೆ. ಕಂಬಕ್ಕೆ ಒರಗಿ ಕುರ್ಚಿಯ ಮೇಲೆ ಕೂತಿದ್ದ ಅವ್ವನೂ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಅವಳು ನಕ್ಕದ್ದೇ ನನಗೆ ತಡೆಯಲಾಗಲಿಲ್ಲ. ಹೋಳಿಗೆಯನ್ನು ಎಲೆಯಲ್ಲೇ ಬಿಟ್ಟು ಎದ್ದೆ. ಕುಬಸದ ಮನೆಯಲ್ಲಿ ಊಟದ ನಡುವೆ ಎದ್ದ ಸೋದರತ್ತೆ ಎಂದು ಇನ್ನು ನನ್ನ ಬಗ್ಗೆಯೂ ಒಂದು ಕಥೆ ಹುಟ್ಟುತ್ತದೆ. ಹುಟ್ಟಲಿ.

ಬಣ್ಣ ಬಿಟ್ಟು ಉಳಿದದ್ದರಲ್ಲಿ ಮೂವರೂ ಒಪ್ಪುವಂಥದ್ದು ಇಷ್ಟು. ಅಕ್ಕಿಆಲೂರಿನ ನಮ್ಮ ಮನೆಯಲ್ಲಿ ಫ್ರಿಜ್ಜು ಅಡುಗೆಮನೆಯಲ್ಲಿರಲಿಲ್ಲ, ಪಡಸಾಲೆಯಲ್ಲಿ ತಲೆಬಾಗಿಲಿಗೆ ಎದುರಾಗಿ ನಿಂತಿತ್ತು. ಅಪ್ಪನದು ಅಕ್ಕಿ ಗಿರಣಿ. ಊರಿನ ಇನ್ನೊಂದು ಗಿರಣಿಯವರ ಪಡಸಾಲೆಗೆ ಫ್ರಿಜ್ಜು ಬಂದಿತ್ತು, ಆದ್ದರಿಂದ ನಮ್ಮದಕ್ಕೂ ಬಂತು. ಬಂದವರು ಚಪ್ಪಲಿ ಬಿಡುವಾಗಲೇ ಕಣ್ಣಿಗೆ ಬೀಳಬೇಕಿತ್ತು. ತಲೆಯ ಮೇಲೆ ಕಸೂತಿ ಹಾಕಿದ ಬಟ್ಟೆ, ಬಾಗಿಲಿಗೆ ಕೀಲಿ. ಆಗಿನ ಫ್ರಿಜ್ಜುಗಳಿಗೆ ಕೀಲಿ ಇರುತ್ತಿತ್ತು. ಅದರ ಕೀಲಿಕೈ ಅಪ್ಪನ ತಾಯಿಯ ಬಳಿ, ನಾವು ಆಯಿ ಎನ್ನುತ್ತಿದ್ದವಳ ಸೊಂಟದ ಚೀಲದಲ್ಲಿ, ಅಡಿಕೆ ಚೂರುಗಳ ನಡುವೆ ಇರುತ್ತಿತ್ತು. ಒಳಗೆ ನೀರಿನ ಬಾಟಲಿಗಳು, ಪೂಜೆಯ ಹೂವು, ಅಪ್ಪನ ಕಣ್ಣಿಗೆ ಬಿಡುವ ಔಷಧ. ಬೇರೇನೂ ಇಲ್ಲ. ಮಾಡಿದ ಅಡುಗೆಯನ್ನು ಅದರಲ್ಲಿ ಇಡುವಂತಿರಲಿಲ್ಲ. ನಮ್ಮದು ಲಿಂಗಪೂಜೆಯ ಮನೆ, ಮಠದ ಅಯ್ಯನವರು ಯಾವ ಹೊತ್ತಿಗಾದರೂ ಪ್ರಸಾದಕ್ಕೆ ಬರಬಹುದಾದ ಮನೆ. ರಾತ್ರಿ ಉಳಿದದ್ದು ಬೆಳಗಾದರೆ ತಂಗಳು, ತಂಗಳು ಎಮ್ಮೆಗೆ. ಹೀಗೆ ಊರಿಗೆಲ್ಲ ತೋರಿಸಲು ತಂದ ಪೆಟ್ಟಿಗೆ ಒಳಗೆ ಖಾಲಿ ಇತ್ತು. ಅದರೊಳಗೂ ತೀರಾ ಖಾಲಿ ಇದ್ದದ್ದು ಮೇಲಿನ ಖಾನೆ, ಒಂದು ಮೊಳ ಅಗಲದ, ಸಣ್ಣ ಮುಚ್ಚಳದ, ನೀರು ಹೆಪ್ಪುಗಟ್ಟುವ ಗೂಡು.

ಅವ್ವ ಹತ್ತಿಮತ್ತೂರಿನವಳು. ಅವಳ ತವರಿನವರು ಎಲೆಬಳ್ಳಿಯ ತೋಟದವರು. ಸವಣೂರಿನ ಸಂತೆಗೆ ಹೋಗುವ ಎಲೆ ಅವರ ಮನೆಯ ಅಂಗಳದಲ್ಲಿ ಕಟ್ಟಾಗುತ್ತಿತ್ತು. ಕೊಯ್ದ ಎಲೆಯನ್ನು ಸಾಯಗೊಡದೆ ಇಡುವುದೇ ಅವರ ಕಸುಬು. ಒದ್ದೆ ಗೋಣಿತಟ್ಟಿನಲ್ಲಿ ಸುತ್ತಬೇಕು, ಬಾಳೆಪಟ್ಟೆಯಿಂದ ಮುಚ್ಚಬೇಕು, ದಿನಕ್ಕೊಮ್ಮೆ ಬಿಚ್ಚಿ ಹೊರಳಿಸಬೇಕು, ಕೊಳೆತದ್ದೊಂದಿದ್ದರೆ ಉಗುರಿನಲ್ಲೇ ಚಿವುಟಿ ತೆಗೆಯಬೇಕು, ಇಲ್ಲದಿದ್ದರೆ ಇಡೀ ಕಟ್ಟೇ ಹೋಗುತ್ತದೆ. ಆಕೆ ಮದುವೆಯಾಗಿ ಬರುವಾಗ ಈ ಕೈಗಳನ್ನು ತಂದಿದ್ದಳು. ನಮ್ಮ ಮನೆಯಲ್ಲಿ ಅವಕ್ಕೆ ಕೆಲಸವಿರಲಿಲ್ಲ. ಹಿತ್ತಲಿನಲ್ಲಿ ಬಚ್ಚಲ ನೀರು ಹರಿಯುವಲ್ಲಿ ಅವಳು ಕೊತ್ತಂಬರಿ, ಮೆಂತೆ, ಸಬ್ಬಸಗಿ, ಒಂದು ಬದಿಗೆ ಪುದೀನಾ ಹಾಕಿದ್ದಳು. ಚಳಿಗಾಲದಲ್ಲಿ ಕೊಯ್ದಷ್ಟೂ ಬೆಳೆಯುತ್ತಿತ್ತು, ಹಂಚಿ ಮುಗಿಯದು. ಬೇಸಿಗೆ ಬಂದರೆ ಒಂದು ಕಡ್ಡಿಯೂ ಇಲ್ಲ. ಸಂತೆಯಲ್ಲೂ ಇಲ್ಲ.

ಚಳಿಗಾಲದ ಸೊಪ್ಪನ್ನು ಬೇಸಿಗೆಗೆಂದು ಹೆಪ್ಪುಗಟ್ಟಿಸಿ ಇಡುವುದನ್ನು ಅವಳು ಯಾವಾಗ ಶುರು ಮಾಡಿದಳೋ ನನಗೆ ಗೊತ್ತಿಲ್ಲ. ಹೇಗೆ ಮಾಡಿದಳು ಎಂಬುದು ಗೊತ್ತು, ಯಾಕೆಂದರೆ ಪಕ್ಕದಲ್ಲಿ ಕೂತಿರುತ್ತಿದ್ದೆ. ಗಿರಣಿಯಿಂದ ಅಪ್ಪ ಬಂದಾಗ ತಣ್ಣೀರು ಕೊಡಬೇಕು, ಅದಕ್ಕೆ ಕೀಲಿಕೈ ಬೇಡಬೇಕು. ಆ ಎರಡು ನಿಮಿಷದಲ್ಲಿ ಸೊಪ್ಪು ಮೇಲಿನ ಖಾನೆ ಸೇರುತ್ತಿತ್ತು, ಅಥವಾ ಅಲ್ಲಿಂದ ಹೊರಗೆ ಬರುತ್ತಿತ್ತು. ತನ್ನ ಮನೆಯಲ್ಲಿ ತಾನು ಬೆಳೆದ ಸೊಪ್ಪನ್ನು ತಾನೇ ಸೆರಗಿನಡಿ ಕದ್ದು ಸಾಗಿಸುವ ಹೆಂಗಸನ್ನು ನೋಡುತ್ತ ನಾನು ದೊಡ್ಡವಳಾದೆ. ಆಗ ಅದು ನನಗೆ ಆಟವೆನ್ನಿಸುತ್ತಿತ್ತು. ಈಗ ಬರೆಯುವಾಗ ಹಲ್ಲು ಕಚ್ಚುತ್ತೇನೆ.

ಇಬ್ಬನಿ ಆರಿದ ಮೇಲೆ ಕೊಯ್ಯಬೇಕು. ದಪ್ಪ ದಂಟು ತೆಗೆಯಬೇಕು. ಮೂರು ನೀರಿನಲ್ಲಿ ತೊಳೆದು ಅಪ್ಪನ ಹಳೆಯ ಧೋತರದ ಮೇಲೆ ನೆರಳಿನಲ್ಲಿ ಹರವಬೇಕು. ಒಂದು ಹನಿ ನೀರೂ ಎಲೆಯ ಮೇಲೆ ಇರಬಾರದು.

"ಗಲ್ಲಕ್ಕ ಹಚ್ಚಿ ನೋಡ," ಅನ್ನುತ್ತಿದ್ದಳು. "ಹಸಿ ಹತ್ತಿತಂದ್ರ ಇನ್ನೂ ಆರಿಲ್ಲ. ನೀರ ಇದ್ರ ಎಲ್ಲಾ ಕೂಡಿ ಕಲ್ಲ ಆಕ್ಕೇತಿ."

ಆಮೇಲೆ ಚೂಪಾದ ಇಳಿಗೆಯಲ್ಲಿ ಒಂದೇ ಸಲ ಹೆಚ್ಚಬೇಕು, ಜಜ್ಜಬಾರದು. ಕೊತ್ತಂಬರಿಯನ್ನು ಐಸಿನ ತಟ್ಟೆಯ ಮನೆಮನೆಯಲ್ಲೂ ಒತ್ತಿ, ಮೇಲೆ ಕಾಯಿಸಿ ಆರಿಸಿದ ನೀರು ಬಿಡಬೇಕು. ಮರುದಿನ ಹಸಿರು ಗಟ್ಟಿಗಳನ್ನು ತೆಗೆದು ಡಬ್ಬಿಗೆ ತುಂಬಿದರೆ ತಟ್ಟೆ ಮತ್ತೆ ಖಾಲಿ. ಮೆಂತೆಗೆ ನೀರಲ್ಲ, ಎಣ್ಣೆ. ಪುದೀನಾವನ್ನು ಹಸಿಮೆಣಸು ಉಪ್ಪಿನ ಜತೆ ಅರೆದು ಇಡಬೇಕು. ಕರಿಬೇವಿಗೆ ಏನೂ ಬೇಡ, ಕಡ್ಡಿಯಿಂದ ಬಿಡಿಸಿ ಒಣ ಡಬ್ಬಿಯಲ್ಲಿ ಹಾಕಿದರೆ ಆಯಿತು. ಬಳಸುವಾಗ ಕರಗಿಸಬಾರದು. ಕುದಿಯುವ ಸಾರಿಗೆ ನೇರ ಹಾಕಬೇಕು.

"ಕರಗಾಕ ಬಿಟ್ರ ಹೆಣ. ಕುದ್ಯಾಗ ಹಾಕಿದ್ರ ಜೀವ."

ಒಮ್ಮೆ ತವರಿನಿಂದ ಬಂದ ವೀಳ್ಯದೆಲೆಯೊಂದನ್ನು ಇಡಿಯಾಗಿ ಮೇಲಿನ ಖಾನೆಯಲ್ಲಿಟ್ಟು ನೋಡಿದಳು. ಮರುದಿನ ಹೊರಗೆ ತೆಗೆದಾಗ ಗಾಜಿನಂತೆ ಗಟ್ಟಿಯಾಗಿತ್ತು. ನನ್ನ ಅಂಗೈ ಮೇಲೆ ಇಟ್ಟಳು. ನೋಡುತ್ತಿದ್ದ ಹಾಗೆ ಅದು ಮೆತ್ತಗಾಗಿ, ಕಪ್ಪಾಗಿ, ಅಂಗೈಗೆ ಅಂಟಿಕೊಂಡಿತು.

"ನೋಡಿದ್ಯಾ? ಇಡೀ ಎಲಿ ಇಟ್ರ ಕರ್ರಗ ಆಕ್ಕೇತಿ. ಹೊಟ್ಟಿಗೆ ನಡೀತೇತಿ, ಕಣ್ಣಿಗೆ ನಡಿಯೂದಿಲ್ಲ."

ಈ ದೃಶ್ಯದ ಬಗ್ಗೆ ನನಗೆ ಸಂಶಯವಿಲ್ಲ. ಸಂಶಯವಿಲ್ಲದ್ದರಿಂದಲೇ ಸ್ವಲ್ಪ ಸಂಶಯ ಬರುತ್ತದೆ. ನನ್ನ ವಾದಕ್ಕೆ ಇಷ್ಟು ಚೆನ್ನಾಗಿ ಹೊಂದುವ ನೆನಪು ಬೇರೊಂದಿಲ್ಲ.

ಸಿಕ್ಕಿಬಿದ್ದದ್ದು ಬೇಸಿಗೆಯ ಒಂದು ಮಧ್ಯಾಹ್ನ, ಊಟದ ಹೊತ್ತಿಗೆ. ಅಪ್ಪ, ಆಯಿ, ಅಯ್ಯನವರು ಸಾಲಾಗಿ ಕೂತಿದ್ದರು. ಅಯ್ಯನವರು ಅದೇ ದಿನ ಇದ್ದರೋ ಎರಡು ದಿನ ಬಿಟ್ಟು ಬಂದರೋ ಹೇಳಲಾರೆ. ಎರಡು ಮಧ್ಯಾಹ್ನಗಳನ್ನು ನಾನು ಒಂದರೊಳಗೊಂದು ಹೊಲಿದಿರಬಹುದು. ಅಪ್ಪ ಸಾರು ಸುರಿದು ಉಂಡು, ಮೂಗು ಅರಳಿಸಿ ಕೇಳಿದ.

"ಈ ಬಿಸಲಾಗ ಕೋತಂಬರಿ ಎಲ್ಲಿಂದ ತಂದಿ? ಸಂತ್ಯಾಗ ಒಂದ ಕಡ್ಡಿ ಇಲ್ಲ."

"ಮನ್ಯಾಗಿಂದ ರಿ."

"ಹಿತ್ತಲಾ ಒಣಗಿ ಬಣಬಣ ಅನ್ನಾಕತ್ತೇತಿ."

"ಹಿತ್ತಲದಾಗಿಂದಲ್ಲರಿ. ಫ್ರಿಜ್ಜಿನಾಗಿಂದ. ಪುಷ್ಯದಾಗ ಕೊಯ್ದಿದ್ದು."

ಆಯಿಯ ತುತ್ತು ಅರ್ಧ ದಾರಿಯಲ್ಲಿ ನಿಂತಿತು. ಎಡಗೈ ಬೆರಳಿನಲ್ಲಿ ತಿಂಗಳು ಎಣಿಸಿದಳು.

"ಪುಷ್ಯ, ಮಾಘ, ಪಾಲ್ಗುಣ, ಚೈತ್ರ... ಅಯ್ಯ ನನ ಶಿವನ, ನಾಕ ತಿಂಗಳ ತಂಗಳ ನನ್ನ ಬಾಯಾಗ ಹಾಕಿದ್ಯಲ್ಲ ನೀಲವ್ವಾ!"

ಅವ್ವ ಬಡಿಸುತ್ತಿದ್ದವಳು ಸೌಟು ಕೆಳಗಿಟ್ಟಳು. ನಾನು ಅವಳನ್ನು ಹಾಗೆ ನೋಡಿರಲಿಲ್ಲ.

"ಅತ್ತಿಯವ್ರ, ನಿಮ್ಮ ಪೂಜಿ ಬುಟ್ಯಾಗ ಇರೂ ಪತ್ರಿ ಎಂದಿಂದು?"

"ಪತ್ರಿ ಮಾತ ಬ್ಯಾರೆ. ಪತ್ರಿ ತಂಗಳಾಗೂದಿಲ್ಲ. ತೊಳದ್ರ ಹೊಸಾದು."

"ಹಂಗಾದ್ರ ಕೋತಂಬರಿ ಏನ ಪಾಪ ಮಾಡೇತಿರಿ? ಅದೂ ಎಲೀನ. ಅದನ್ನೂ ಆ ಶಿವನ ಹುಟ್ಟಿಸ್ಯಾನ."

ಬಿಲ್ವಪತ್ರೆಗೆ ನಮ್ಮ ಕಡೆ ಪತ್ರಿ ಅನ್ನುತ್ತೇವೆ. ಅದು ಎಷ್ಟು ದಿನವಾದರೂ ಹಳಸುವುದಿಲ್ಲ, ಏರಿಸಿದ್ದನ್ನೇ ತೊಳೆದು ಮತ್ತೆ ಲಿಂಗಕ್ಕೆ ಏರಿಸಬಹುದು ಎಂಬುದು ರೂಢಿ. ಆ ರೂಢಿಯನ್ನು ಕೊತ್ತಂಬರಿಯವರೆಗೆ ಎಳೆದು ತಂದವಳು ನನಗೆ ಗೊತ್ತಿದ್ದ ಹಾಗೆ ಅವ್ವ ಒಬ್ಬಳೇ. ಆಯಿ ಅಯ್ಯನವರ ಕಡೆ ತಿರುಗಿದಳು. ಅಯ್ಯನವರು ಸಾವಕಾಶ ಬೆರಳು ನೆಕ್ಕಿ ಮುಗಿಸಿದರು.

"ಕುದಿಸಿದ್ದು ತಂಗಳ ಆಕ್ಕೇತಿ ತಾಯಿ, ಹಸೀದು ಹೆಂಗ ಆಕ್ಕೇತಿ? ಒಣ ಖಾರ ವರ್ಷಗಟ್ಲೆ ತಿಂತೀರಿ, ತಂಗಳ ಅಂತೀರೇನು? ನೀಲವ್ವಾ, ಇನ್ನೊಂದೀಟು ಸಾರ ಹಾಕವಾ."

"ಅಯ್ಯಾರ ನಾಲಗಿ ನ್ಯಾಯ ಹೇಳಾಕತ್ತೇತಿ," ಅಂದಳು ಆಯಿ. ಆದರೂ ಅರ್ಧಕ್ಕೆ ನಿಂತಿದ್ದ ತುತ್ತು ಬಾಯಿಗೆ ಹೋಯಿತು.

ಹೀಗೆ ಅವ್ವನಿಗೆ ಒಂದು ಮೊಳ ಜಾಗ ಸಿಕ್ಕಿತು. ಕೀಲಿಕೈ ಆಯಿಯ ಸೊಂಟದಲ್ಲೇ ಉಳಿಯಿತು, ಆದರೆ ಕೇಳಿದಾಗ ಕೊಡುತ್ತಿದ್ದಳು. ಮೇಲಿನ ಖಾನೆ ಡಬ್ಬಿಗಳಿಂದ ತುಂಬಿತು. ಓದಲು ಬಾರದ ಆಯಿಗೂ ಗೊತ್ತಾಗಲೆಂದು ಮೆಂತೆಗೆ ಹಳದಿ ದಾರ, ಸಬ್ಬಸಗಿಗೆ ಬಿಳಿ ದಾರ ಕಟ್ಟಿದ್ದಳು. ಬೇಸಿಗೆಯಲ್ಲಿ ಕರೆಂಟು ಹೋದರೆ ಓಡಿ ಬಂದು ಫ್ರಿಜ್ಜಿಗೆ ಕೌದಿ ಹೊದಿಸುತ್ತಿದ್ದಳು. ಕೌದಿ ಹೊದ್ದ ಫ್ರಿಜ್ಜಿನ ಮುಂದೆ ಬೀಸಣಿಕೆ ಹಿಡಿದು ಬೆವರುತ್ತ ಕೂತ ಅಪ್ಪ, "ನನಗ ಇಲ್ಲದ ಹಚ್ಚಡ ಇದಕ್ಕ" ಎಂದು ನಗುತ್ತಿದ್ದ. ನಕ್ಕದ್ದನ್ನೂ ಬರೆಯಬೇಕು. ಅವನು ಆ ಬೇಸಿಗೆಯಿಡೀ ಅವಳ ಸಾರು ಉಂಡ, ಬಂದವರಿಗೆಲ್ಲ ಬಾಗಿಲು ತೆರೆಸಿ ಡಬ್ಬಿ ತೋರಿಸಿದ. ಎದುರುಮನೆಯ ಬೀಬಿಜಾನ್ ತನ್ನ ಹಿತ್ತಲಿನ ಪುದೀನಾವನ್ನು ಮೊರದಲ್ಲಿ ಹೊತ್ತು ಬರುತ್ತಿದ್ದಳು.

"ನೀಲವ್ವಾ, ನನ್ನ ಪುದೀನಾಕ್ಕೂ ಒಂದ ಕುರ್ಚಿ ಕೊಡ ನಿನ್ನ ಥಂಡ ಮನ್ಯಾಗ."

"ಕುರ್ಚಿ ಎಲ್ಲಾ ತುಂಬ್ಯಾವು. ನೆಲದ ಮ್ಯಾಲ ಕುಂದರ್ತೇತೇನ ಕೇಳ."

"ಕುಂದರ್ತೇತಿ. ನಮ್ಮದೇನ ಸೊಕ್ಕಿನ ಪುದೀನಾ ಅಲ್ಲ."

ಇಬ್ಬರೂ ನಗುತ್ತ ಬಚ್ಚಲ ಕಟ್ಟೆಯ ಮೇಲೆ ಸೊಪ್ಪು ಬಿಡಿಸುತ್ತಿದ್ದರು. ಬೀಬಿಜಾನ್ ಎದುರು ಅವ್ವನ ದನಿಯೇ ಬೇರೆ ಇತ್ತು, ಗಟ್ಟಿಯಾಗಿ, ಮೇಲಿನಿಂದ ಬರುತ್ತಿತ್ತು. ಹತ್ತಿಮತ್ತೂರಿನಲ್ಲಿ ಎಲೆ ಹೊರಳಿಸುವಾಗಿನ ದನಿ ಅದಿರಬೇಕು ಎಂದು ಬರೆದಿದ್ದೆ. ಹೊಡೆದು ಹಾಕುತ್ತೇನೆ. ನಾನು ಆ ಅಂಗಳದಲ್ಲಿ ಅವಳನ್ನು ಕೇಳಿಲ್ಲ.

ಶ್ರಾವಣ ಬಂತು. ಹಿಂದಿನ ವರ್ಷ ಬಸುವಿಗೆ ಜ್ವರ ಬಂದು ಬಿಡದೇ ಕೂತಾಗ ಆಯಿ ಹರಕೆ ಹೊತ್ತಿದ್ದಳು, ಶ್ರಾವಣದ ಪ್ರತಿ ಸೋಮವಾರ ಸಾವಿರದೊಂದು ಪತ್ರಿ ಏರಿಸುತ್ತೇನೆಂದು. ಜ್ವರ ಬಿಟ್ಟಿತ್ತು, ಹರಕೆ ತೀರಿಸಬೇಕಿತ್ತು. ಕೆರೆ ದಂಡೆಯ ಪತ್ರಿ ಗಿಡವನ್ನು ಶ್ರಾವಣದಲ್ಲಿ ಊರೇ ಬೋಳಿಸುತ್ತದೆ. ಕೊನೆಯ ಸೋಮವಾರದ ಹೊತ್ತಿಗೆ ತೊಟ್ಟೂ ಉಳಿಯುವುದಿಲ್ಲ. ಆಯಿ ಅದಕ್ಕೇ ಮೊದಲೇ ಕೊಯ್ಯಿಸಿದಳು. ಒದ್ದೆ ಬಟ್ಟೆಯಲ್ಲಿ ಕಟ್ಟಿ ಗಂಟನ್ನು ಫ್ರಿಜ್ಜಿನಲ್ಲಿ ಇಡಲಾಯಿತು. ಇಡಲಾಯಿತು ಎಂದೆ. ಇಷ್ಟು ಹೊತ್ತು ಪ್ರತಿಯೊಬ್ಬರ ಹೆಸರು ಹೇಳಿ ಬರೆದವಳು ಇಲ್ಲಿ ಮಾತ್ರ ಯಾರ ಹೆಸರನ್ನೂ ಹೇಳದೆ ದಾಟಿದೆ. ಗಮನಿಸಿ.

ಆ ಕೊನೆಯ ಸೋಮವಾರ ಬೆಳಿಗ್ಗೆ ಮಳೆ. ಪಡಸಾಲೆಯಲ್ಲಿ ಅಯ್ಯನವರು ಕೂತಿದ್ದರು, ಓಣಿಯ ಏಳೆಂಟು ಹೆಂಗಸರು ಬಂದಿದ್ದರು, ಅಪ್ಪ ಮಡಿಯಲ್ಲಿದ್ದ. ಆಯಿ ಕೀಲಿ ತೆಗೆದಳು. ಕೆಳಗಿನ ಹಲಗೆಯಲ್ಲಿ ಗಂಟು ಇರಲಿಲ್ಲ. ಮೇಲಿನ ಖಾನೆಯ ಮುಚ್ಚಳ ಎತ್ತಿದಳು. ಗಂಟು ಅಲ್ಲಿತ್ತು, ಕಲ್ಲಿನಂತೆ. ಹರಿವಾಣದ ಮೇಲೆ ಇಟ್ಟಾಗ ಟಣ್ ಎಂದು ಸದ್ದಾಯಿತು. ಗಂಟು ಬಿಚ್ಚಲು ಬರದೆ ಹಾಗೇ ಬಿಟ್ಟರು. ಅಯ್ಯನವರು ಮಂತ್ರ ಶುರು ಮಾಡಿದರು. ಸ್ವಲ್ಪ ಹೊತ್ತಿಗೆ ಬಟ್ಟೆ ಸಡಿಲಾಯಿತು, ಬಿಚ್ಚಿದರೆ ಪತ್ರಿಯ ಮೂರು ಮೂರು ದಳಗಳೂ ಕಪ್ಪಾಗಿ ಒಂದಕ್ಕೊಂದು ಮೆತ್ತಿಕೊಂಡು, ಕುದಿಸಿದ ಚಹಾಪುಡಿಯ ಹಾಗೆ ಕೂತಿದ್ದವು. ಕಂದು ನೀರು ಹರಿವಾಣ ತುಂಬಿ ಲಿಂಗದ ಪೀಠದ ಕಡೆ ಹರಿಯಿತು. ಮಂತ್ರ ನಿಂತಿತು.

"ಇದನ್ನ ಏರಸಾಕ ಬರೂದಿಲ್ಲ ತಾಯಿ," ಅಂದರು ಅಯ್ಯನವರು, ಮೆಲ್ಲಗೆ.

ಆಯಿಯ ಮುಖ ನೋಡಲಾಗುತ್ತಿರಲಿಲ್ಲ. ಮೊಮ್ಮಗನ ಜೀವಕ್ಕೆ ಹೊತ್ತ ಹರಕೆ. ಅವಳ ಭಯ ನಿಜವಾದದ್ದು, ಅದನ್ನು ನಾನು ಸಣ್ಣದು ಮಾಡುವುದಿಲ್ಲ.

"ನಾ ಕೆಳಗ ಇಟ್ಟಿದ್ದೆ," ಅಂದಳು. "ಯಾರ ಒಯ್ದ ಮ್ಯಾಲ ತುರಕಿದ್ರು?" ಓಣಿಯ ಹೆಂಗಸರ ಕಡೆ ತಿರುಗಿದಳು. "ಎಲ್ಲಾ ಒಯ್ದ ಮ್ಯಾಲ ತುರಕಾಕಿ ಈ ಮನ್ಯಾಗ ಒಬ್ಬಾಕೀನ ಅದಾಳ."

ಎಲ್ಲರ ಕಣ್ಣೂ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವ್ವನ ಕಡೆ ತಿರುಗಿದವು. ಬಸುವಿನ ಕಥೆಯಲ್ಲಿ ಅವ್ವ ಇಲ್ಲಿ, "ಹೂಂರಿ, ನಾನ ಇಟ್ಟೆ" ಅನ್ನುತ್ತಾಳೆ. ನನ್ನ ನೆನಪಿನಲ್ಲಿ ಅವಳು ಏನೂ ಅನ್ನುವುದಿಲ್ಲ. ಬಸುವಿಗೆ ಆಗ ಐದು ವರ್ಷ, ನನಗೆ ಹತ್ತು. ಹತ್ತು ವರ್ಷದವಳ ಕಿವಿ ಐದು ವರ್ಷದವನದಕ್ಕಿಂತ ಹೆಚ್ಚು ಪ್ರಾಮಾಣಿಕವೆಂದು ಯಾರು ಹೇಳಿದರು?

ಅಪ್ಪ ಎದ್ದ. ಬೈಯಲಿಲ್ಲ, ಕೇಳಲೂ ಇಲ್ಲ. ಕೇಳಲಿಲ್ಲ ಎಂಬುದನ್ನು ನಾನು ಇನ್ನೂ ಕ್ಷಮಿಸಿಲ್ಲ. ಫ್ರಿಜ್ಜಿನ ಬಾಗಿಲು ಪೂರ್ತಿ ತೆರೆದು ಮೇಲಿನ ಖಾನೆಯಲ್ಲಿದ್ದದ್ದನ್ನೆಲ್ಲ ಎರಡೂ ಕೈಯಿಂದ ಬುಟ್ಟಿಗೆ ಎಳೆದ. ಹಳದಿ ದಾರದ ಡಬ್ಬಿ, ಬಿಳಿ ದಾರದ ಡಬ್ಬಿ, ಐಸಿನ ತಟ್ಟೆಗಳು. ಹಿತ್ತಲು ದಾಟಿ ತಿಪ್ಪೆಗೆ ಸುರಿದ. ಮಳೆಯಲ್ಲಿ ಸಗಣಿಯ ಮೇಲೆ ಹಸಿರು ಗಟ್ಟಿಗಳು ಹೊಳೆದವು, ಆಮೇಲೆ ಹೊಳೆಯಲಿಲ್ಲ. ಹಿಂದಿನ ದಿನ ಮಧ್ಯಾಹ್ನ ಅದೇ ಮೆಂತೆಯನ್ನು ಎರಡು ಸಲ ಹಾಕಿಸಿಕೊಂಡು ಉಂಡಿದ್ದ ಬಾಯಿ ಅವನದು. ಪತ್ರಿಗೂ ಮೆಂತೆಗೂ ಏನು ಸಂಬಂಧ? ಒಂದು ಗಂಟು ಹಾಳಾಯಿತೆಂದು ವರ್ಷದ ಕೆಲಸವನ್ನು ಎತ್ತಿ ಎಸೆಯುವ ಧೈರ್ಯ ಅವನಿಗೆ ಎಲ್ಲಿಂದ ಬಂತೆಂದರೆ, ಅದು ಅವನ ಲೆಕ್ಕದಲ್ಲಿ ಕೆಲಸವೇ ಆಗಿರಲಿಲ್ಲ. ಅವನು ಕೊಟ್ಟ ಸಲಿಗೆಯಾಗಿತ್ತು. ಕೊಟ್ಟಿದ್ದ, ವಾಪಸು ತೆಗೆದುಕೊಂಡ. ಅಂಥ ಮನೆಯಲ್ಲಿ ನಾನು ಬೆಳೆದೆ. ಇವತ್ತಿಗೂ ನನ್ನ ಮೇಜಿನ ಮೇಲಿನ ಹಾಳೆಯೊಂದನ್ನು ಯಾರಾದರೂ ಕೇಳದೆ ಸರಿಸಿದರೆ ಕಿತ್ತುಕೊಂಡು ಮೊದಲಿದ್ದಲ್ಲೇ ಇಡುತ್ತೇನೆ. ಬರೆದದ್ದನ್ನು ಅಚ್ಚಾಗುವ ತನಕ ಯಾರಿಗೂ ತೋರಿಸುವುದಿಲ್ಲ. ಇದನ್ನು ಜಂಬವೆಂದು ತಿಳಿದವರಿದ್ದಾರೆ.

ಸಂಜೆಗೆ ಬೀಬಿಜಾನ್ ಬಂದಳು. ತಿಪ್ಪೆಯ ಮೇಲೆ ತನ್ನ ಡಬ್ಬಿ ನೋಡಿದ್ದಳು. ಪಡಸಾಲೆಯ ಮೆಟ್ಟಿಲ ಕೆಳಗೆ ನಿಂತು ಅಪ್ಪನನ್ನು ಕೇಳಿದಳು.

"ಅಣ್ಣಾರ, ನನ್ನ ಪುದೀನಾ ಏನ ಮಾಡಿತ್ತರಿ?"

ಅಪ್ಪ ಎದ್ದು ಒಳಗೆ ಹೋದ. ಆ ದಿನ ಆ ಮನೆಯಲ್ಲಿ ಕೇಳಬೇಕಾದ ಮಾತನ್ನು ಕೇಳಿದವಳು ಅವಳೊಬ್ಬಳೇ.

ಅವ್ವ ಅಳಲಿಲ್ಲ, ಉಪವಾಸ ಬೀಳಲಿಲ್ಲ, ತವರಿಗೂ ಹೋಗಲಿಲ್ಲ. ಹಿತ್ತಲಿನಲ್ಲಿ ಸೊಪ್ಪು ಬೆಳೆಯುವುದನ್ನೂ ನಿಲ್ಲಿಸಲಿಲ್ಲ. ಫ್ರಿಜ್ಜನ್ನು ಮಾತ್ರ ಮುಟ್ಟಲಿಲ್ಲ. ಅಪ್ಪ ಬಂದಾಗ ನೀರು ಕೊಡುವ ಕೆಲಸ ನನಗೆ ಬಂತು. ಅವಳು ಕುಡಿಯುತ್ತಿದ್ದದ್ದು ಮಣ್ಣಿನ ಕೊಡದ ನೀರು. ಮರುವರ್ಷದ ಬೇಸಿಗೆಯಲ್ಲಿ ಸಾರು ಬೋಳಾಗಿತ್ತು. ಅಪ್ಪ ಉಂಡ, ಆಯಿ ಉಂಡಳು, ನಾನೂ ಉಂಡೆ. ಹಸಿರು ಎಲ್ಲಿ ಎಂದು ಒಬ್ಬರೂ ಕೇಳಲಿಲ್ಲ. ಆ ಪೆಟ್ಟಿಗೆ ಕೆಟ್ಟು, ಮಾರಿ, ಬೇರೆ ಬಂತು, ಆಯಿ ತೀರಿಕೊಂಡಳು, ಕೀಲಿಯಿಲ್ಲದ ಫ್ರಿಜ್ಜು ಬಂತು, ಅಪ್ಪನೂ ಹೋದ. ಅವ್ವನ ಸೊಪ್ಪು ಮತ್ತೆ ಮೇಲಿನ ಖಾನೆಗೆ ಹೋಗಲಿಲ್ಲ. ಉಳಿದದ್ದು ಬಸುವಿನ ನಗೆಕಥೆ.

ಅವನ ಕಥೆಯನ್ನು ಒಡೆಯಲು ನನ್ನ ಬಳಿ ಇದ್ದದ್ದು ಆ ವೀಳ್ಯದೆಲೆ. ಇಡೀ ಎಲೆ ಕಪ್ಪಾಗುತ್ತದೆಂದು ಅವ್ವನಿಗೆ ಗೊತ್ತಿತ್ತು, ಆದ್ದರಿಂದ ಅವಳು ಇಟ್ಟಿರಲಾರಳು. ಹಾಗಾದರೆ ಆಯಿ. ಕೀಲಿಕೈ ಅವಳದು, ಪತ್ರಿಯೂ ಕೊತ್ತಂಬರಿಯೂ ಒಂದೇ ಎಂಬ ಅವ್ವನ ವಾದವನ್ನು ಎಲ್ಲರಿಗಿಂತ ಚೆನ್ನಾಗಿ ಕಲಿತವಳೂ ಅವಳೇ. ಸ್ನಾನ ಮಾಡಿದ ಒದ್ದೆ ಕೂದಲಲ್ಲಿ, ನನಗೆ ಬೆನ್ನು ಮಾಡಿ, ಮೇಲಿನ ಖಾನೆಗೆ ಗಂಟು ತುರುಕುತ್ತಿರುವ ಆಯಿ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಎಷ್ಟೋ ವರ್ಷ ಇದನ್ನೇ ನಂಬಿದ್ದೆ. ನಂಬಿ, ನೋಡಿಯೂ ಸುಮ್ಮನಿದ್ದೆನಲ್ಲ ಎಂದು ನನ್ನನ್ನೂ ಬೈದುಕೊಂಡಿದ್ದೆ. ಆದರೆ ಅದೇ ಗಂಟು ಇನ್ನೊಂದು ಚಿತ್ರದಲ್ಲೂ ಇದೆ. ಅದರಲ್ಲಿ ಒದ್ದೆ ಬಟ್ಟೆ ನನ್ನ ಕೈಯಲ್ಲಿದೆ, ಬೆರಳುಗಳು ಜೋಮು ಹಿಡಿದಿವೆ, ಅಪ್ಪನ ನೀರಿನ ಬಾಟಲಿಗೆ ಕೆಳಗಿನ ಹಲಗೆಯಲ್ಲಿ ಜಾಗ ಸಾಲುತ್ತಿಲ್ಲ. ಈ ಚಿತ್ರ ಯಾವಾಗ ಬಂತು? ಬಾಟಲಿ ಇಡುವ ಕೆಲಸ ನನಗೆ ಬಂದದ್ದು ಆ ಸೋಮವಾರದ ನಂತರ. ಅಥವಾ ಮೊದಲೂ ಒಮ್ಮೊಮ್ಮೆ ನಾನೇ ಇಡುತ್ತಿದ್ದೆನೋ.

ಹೋದ ವಾರ ಅವ್ವನನ್ನು ಶಿಗ್ಗಾಂವಿಗೆ, ನನ್ನ ಮನೆಗೆ ಕರೆತಂದೆ. ನಾನು ಅವಳು ಕಲಿಸಿದ ಹಾಗೇ ಸೊಪ್ಪು ಇಡುತ್ತೇನೆ. ಅವ್ವ ಅಡುಗೆಮನೆಯ ನೆಲದ ಮೇಲೆ ಕಾಲು ಚಾಚಿ ಕೂತು ಕೊತ್ತಂಬರಿ ಬಿಡಿಸಿಕೊಡುತ್ತಿದ್ದಳು. ಕೇಳಿಯೇಬಿಟ್ಟೆ.

"ಅವ್ವಾ, ಆ ಪತ್ರಿ ಗಂಟ ಮ್ಯಾಲ ಇಟ್ಟಾವ್ರ ಯಾರು?"

"ಯಾವ ಗಂಟು?"

"ಶ್ರಾವಣದಾಗ. ಅಪ್ಪ ಎಲ್ಲಾ ತಿಪ್ಪಿಗೆ ಹಾಕಿದ್ನಲ್ಲ."

"ಅದಾ. ನೆಪ್ಪಿಲ್ಲ ನೋಡ. ಈ ದಂಟ ಯಾಕ ಇಷ್ಟ ಉದ್ದ ಬಿಟ್ಟಿ? ಇದೇನ ದನಕ್ಕ ಹಾಕ್ತಿಯೇನು?"

"ನೀನ ಇಟ್ಟಿದ್ದಿ ಅಂತ ಬಸು ಊರೆಲ್ಲಾ ಹೇಳ್ಕೋತ ಅಡ್ಡಾಡ್ತಾನ."

"ಹೇಳ್ಲಿ ಬಿಡ. ಮಂದಿ ನಗ್ತಾರ. ನಗೂದು ಛಲೋನ ಅಲ್ಲ?"

"ಛಲೋ ಅಲ್ಲ. ಇಡೀ ಎಲಿ ಕರ್ರಗ ಆಕ್ಕೇತಿ ಅನ್ನೂದು ನಿನಗ ಗೊತ್ತಿತ್ತು."

ಅವಳ ಕೈ ನಿಂತಿತು. "ಗೊತ್ತಿತ್ತು."

"ಮತ್ತ ಯಾಕ ಬಾಯಿ ಬಿಡ್ಲಿಲ್ಲ? ಅಷ್ಟ ಮಂದಿ ಮುಂದ, ನಾ ಇಟ್ಟಿಲ್ಲ ಅಂತ ಒಂದ ಮಾತ ಅಂದಿದ್ರ ಏನ ಆಗ್ತಿತ್ತು?"

ಅವ್ವ ಮುಖ ಎತ್ತಿ ನನ್ನನ್ನು ನೋಡಿದಳು. ತುಂಬ ಹೊತ್ತಲ್ಲ.

"ಅಂದಿದ್ರ ಇನ್ನೊಬ್ರನ್ನ ಹುಡುಕತಿದ್ರು," ಅಂದಳು. "ನೀವು ಸಣ್ಣವ್ರಿದ್ರಿ."

ಆಮೇಲೆ ಕಡ್ಡಿಗಳನ್ನು ಮೊರದ ಒಂದು ಬದಿಗೆ ಒತ್ತರಿಸಿದಳು, ನೀರು ಕೇಳಿದಳು, ಕುಡಿದಳು. ನಾನು ಉದ್ದ ಬಿಟ್ಟಿದ್ದ ದಂಟುಗಳನ್ನು ಮುರಿಯುತ್ತ ಕೂತೆ. ಅವಳು ಊರಿಗೆ ಹೋಗುವ ತನಕ ಆ ಮಾತು ಇಬ್ಬರೂ ಎತ್ತಲಿಲ್ಲ.

ಅಪ್ಪನ ಮೇಲಿನ ಸಿಟ್ಟು ಇದರಿಂದ ಒಂದು ಗುಲಗಂಜಿಯಷ್ಟೂ ಕಡಿಮೆಯಾಗಿಲ್ಲ. ಯಾರೇ ಇಟ್ಟಿರಲಿ, ಅವನು ಕೇಳಬೇಕಿತ್ತು. ಆದರೆ ಆ ಗಂಟನ್ನು ಮೇಲಿನ ಖಾನೆಗೆ ಸರಿಸಿದವರು ಯಾರೆಂದು ನನಗೆ ಗೊತ್ತಿಲ್ಲ. ಆಯಿ ಇರಬಹುದು. ನಾನಿರಬಹುದು. ನಾನೇ ಆಗಿದ್ದರೆ, ಅವ್ವ ಅದನ್ನು ನೋಡಿದ್ದಳೋ ಇಲ್ಲವೋ, ಅದೂ ಗೊತ್ತಿಲ್ಲ.